ಯೆಜ್ಡಿ ಬಿಚ್ಚಬೇಕು, ಮೊದಲು ಯಾವ ನಟ್?

ಕೋಥ್ರೂಡ್_ಕನ್ನಡಿಗ
ಗಾಡಿ 1974ರ ಯೆಜ್ಡಿ 250 ಬೈಕು, 16 ಇಂಚಿನ ಚಕ್ರದ್ದು, 6 ವೋಲ್ಟ್ ಡೈನಮೋ. 12 ವರ್ಷದಿಂದ ನಿಂತಿದೆ. ಕಿಕ್ ಅಲ್ಲಾಡಲ್ಲ, ಟ್ಯಾಂಕ್ ಒಳಗೆ ತುಕ್ಕು, ಹಿಂದಿನ ಚಕ್ರ ಮಾತ್ರ ನ್ಯೂಟ್ರಲ್‌ನಲ್ಲಿ ತಿರುಗುತ್ತೆ. ಜಾಗ ಅಂದ್ರೆ ಸೊಸೈಟಿಯ ಶಟರ್ ಗ್ಯಾರೇಜ್, 10 ಅಡಿ × 8 ಅಡಿ, ಒಂದು ಟ್ಯೂಬ್‌ಲೈಟು, ಒಂದು ಪ್ಲಗ್ ಪಾಯಿಂಟು. ಬರೀ ಫ್ರೇಮ್ ಉಳಿಯೋ ತನಕ ಬಿಚ್ಚಿ, ಪೇಂಟ್ ಮಾಡಿಸಿ ವಾಪಸ್ ಕಟ್ಟಬೇಕು. ಎಂಜಿನ್ ಮೊದಲು ಇಳಿಸೋದಾ, ಚಕ್ರ ಮೊದಲಾ? ಎಂಜಿನ್ ಮನೇಲೇ ಬಿಚ್ಚಬಹುದಾ ಅಥವಾ ಹಾಗೇ ಎತ್ತಿ ಮೆಕ್ಯಾನಿಕ್‌ಗೆ ಕೊಡೋದು ವಾಸಿಯಾ? ಮಳೆ ಶುರುವಾಗೋದರೊಳಗೆ ಫ್ರೇಮ್ ಪೇಂಟಿಗೆ ಹೋಗಬೇಕು.

ಡೊಂಬಿವಲಿ_ಲೋಕಲ್
ಮೊದಲು ಸೊಸೈಟಿ ಸೆಕ್ರೆಟರಿಯನ್ನ ಬಿಚ್ಚಿ ಸಾರ್. ಉಳಿದದ್ದೆಲ್ಲ ಸುಲಭ.

ಪಾನಾ_ಪಕ್ಕಡ್
ಎಂಜಿನ್ನೂ ಅಲ್ಲ, ಚಕ್ರವೂ ಅಲ್ಲ. ಏನನ್ನೂ ತೆಗೆಯೋ ಮುಂಚೆ ಬಿಗಿಯಾಗಿರೋದನ್ನೆಲ್ಲ *ಸಡಿಲ* ಮಾತ್ರ ಮಾಡಿಟ್ಕೊಳ್ಳಿ. ಗಾಡಿ ತನ್ನ ಎರಡೂ ಚಕ್ರದ ಮೇಲೆ ನಿಂತಿರೋವಾಗ 150 ಕಿಲೋಗೆ ಹತ್ತಿರದ ತೂಕವೇ ನಿಮ್ಮ ವೈಸ್. ಎರಡೂ ಆಕ್ಸಲ್ ನಟ್, ಸ್ವಿಂಗ್ ಆರ್ಮ್ ಪಿನ್ ನಟ್, ಸ್ಟೀರಿಂಗ್ ತಲೆಯ ದೊಡ್ಡ ನಟ್, ಫೋರ್ಕ್ ಮೇಲಿನ ಕ್ಯಾಪ್ ನಟ್ ಎರಡು, ಎಂಜಿನ್ ಮೌಂಟಿಂಗ್ ಬೋಲ್ಟ್‌ಗಳು, ಸೈಲೆನ್ಸರ್ ಬೆಂಡಿನ ರಿಂಗ್ ನಟ್. ಇವನ್ನ ಕಾಲು ಸುತ್ತು ಸಡಿಲಿಸಿ, ಮತ್ತೆ ಕೈಯಲ್ಲಿ ಬಿಗಿ ಮಾಡಿ ಬಿಡಿ. ಬರೀ ಫ್ರೇಮ್ ನೆಲದ ಮೇಲೆ ಬಿದ್ದಿರೋವಾಗ ಸ್ವಿಂಗ್ ಆರ್ಮ್ ಪಿನ್ ತೆಗೆಯೋಕೆ ಹೋದ್ರೆ ಫ್ರೇಮು ಗ್ಯಾರೇಜ್ ತುಂಬ ಸುತ್ತುತ್ತೆ, ನಟ್ ಅಲ್ಲೇ ಇರುತ್ತೆ.

ಸಡಿಲಿಸೋಕೆ ಎರಡು ದಿನ ಮುಂಚಿಂದಲೇ ಬೆಳಗ್ಗೆ ಸಾಯಂಕಾಲ ತುಕ್ಕು ಬಿಡಿಸೋ ಎಣ್ಣೆ ಹಾಕ್ತಾ ಇರಿ. ಹಾಕಿದ ತಕ್ಷಣ ಪಾನಾ (ಸ್ಪ್ಯಾನರ್) ಇಡೋದಲ್ಲ. ಸುತ್ತಿಗೆಯಲ್ಲಿ ನಟ್ ತಲೆ ಮೇಲೆ ನಾಲ್ಕು ಸಣ್ಣ ಏಟು ಕೊಟ್ರೆ ಎಣ್ಣೆ ಒಳಗೆ ಇಳಿಯುತ್ತೆ.

ಮಾಟುಂಗ_ಮಾಣಿ
ಒಪ್ಪಿದೆ ಮಾರಾಯ್ರೆ, ಆದ್ರೆ ಸ್ಕ್ರೂಗಳ ವಿಷಯ ಬಿಟ್ಟಿದ್ದೀರಿ. ಈ ಗಾಡಿಯ ಎಂಜಿನ್ ಕವರಿನಲ್ಲಿ ಸೀಳು ತಲೆಯ ಸ್ಕ್ರೂ ಉಂಟು. ಮೊದಲ ಏಟಿಗೆ ಬಿಡದಿದ್ರೆ ಎರಡನೇ ಏಟಿಗೆ ಸೀಳು ಹಾಳು. ಕೈಯ ಸ್ಕ್ರೂ ಡ್ರೈವರ್ ಮುಟ್ಟಲೇಬೇಡಿ. ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಿ, ಮುಂಬೈಯಲ್ಲಾದ್ರೆ ನಾಗದೇವಿ ಸ್ಟ್ರೀಟಲ್ಲಿ ಸಿಗ್ತದೆ. ಬಿಟ್ ಸೀಳಿನ ಪೂರ್ತಿ ಅಗಲಕ್ಕೆ ಕೂರಬೇಕು. ಕಡಿಮೆ ಅಗಲದ್ದು ಹಾಕಿದ್ರೆ ಅಂಚು ಮುರೀತದೆ.

ಕೋಥ್ರೂಡ್_ಕನ್ನಡಿಗ
ಪುಣೆಯಲ್ಲಿ ಎಲ್ಲಿ?

ಪಾನಾ_ಪಕ್ಕಡ್
ಟೂಲ್ಸ್‌ಗೆ ರವಿವಾರ ಪೇಠೆಯ ಬೋಹ್ರಿ ಆಳಿ, ಸ್ಪೇರ್‌ಗೆ ನಾನಾ ಪೇಠೆ. ಹಳೇ ಮಾಲಿಗೆ ಜೂನಾ ಬಜಾರ್, ಬುಧವಾರ ಮತ್ತು ಭಾನುವಾರ. ನಾನಾ ಪೇಠೆಗೆ ಹಳೇ ತುಂಡು ಕೈಯಲ್ಲಿ ಹಿಡ್ಕೊಂಡೇ ಹೋಗಿ. ‘ಯೆಜ್ಡೀದು ಕೊಡಿ’ ಅಂದ್ರೆ ರೋಡ್‌ಕಿಂಗ್‌ದು ಕೊಟ್ಟು ಕಳಿಸ್ತಾರೆ. ಅದು ಯೆಜ್ಡಿಯದೇ ಇನ್ನೊಂದು ಮಾಡೆಲ್. ನಿಮ್ಮದು 16 ಇಂಚಿನ ಚಕ್ರ, ರೋಡ್‌ಕಿಂಗ್‌ದು 18. ಕಡ್ಡಿಯಿಂದ ಹಿಡಿದು ಮಡ್‌ಗಾರ್ಡ್ ತನಕ ಬೇರೆ.

ಬೆಳಗಾವಿ_ಬುಲೆಟ್
ಅಣ್ಣಾರ, ಅಲ್ಲಿ ಮೆಕ್ಯಾನಿಕ್ ‘ಆಟೇ ಗೇಲೆ’ ಅಂದ್ರ ಗಾಬರಿ ಆಗಬ್ಯಾಡ್ರಿ. ಗೋಧಿ ಹಿಟ್ಟಲ್ಲ, ಥ್ರೆಡ್ ಹ್ವಾದಂಗ.

ಥಾಣೆ_ಲೇತ್
ಇಲ್ಲಿ ಯಾರೂ ಜಾಮ್ ಆದ ಎಂಜಿನ್ ಬಗ್ಗೆ ಮಾತೇ ಎತ್ತಿಲ್ಲ, ಅದೇ ಮೊದಲ ಕೆಲಸ. ಕಿಕ್ ಮೇಲೆ ನಿಂತು ಕುಣಿಯಬೇಡಿ. ಈ ಗಾಡಿಯಲ್ಲಿ ಕಿಕ್ಕೂ ಗೇರ್ ಪೆಡಲ್ಲೂ ಒಂದೇ ಲಿವರ್ ಅಂತ ಗೊತ್ತಿರಬೇಕು. ಒಳಗಿನ ಹಲ್ಲು ಮುರಿದ್ರೆ ಇನ್ನೊಂದು ಕೆಲಸ ಬೀಳುತ್ತೆ.

ಸ್ಪಾರ್ಕ್ ಪ್ಲಗ್ ತೆಗೆದು 50 ಎಂಎಲ್‌ನಷ್ಟು ಡೀಸೆಲ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರಿನ ಕೆಂಪು ಎಣ್ಣೆ) ಸಮ ಬೆರೆಸಿ ಹುಯ್ಯಿರಿ. ಮೂರು ನಾಲ್ಕು ದಿನ ಬಿಡಿ, ಇಳಿದಷ್ಟು ಮತ್ತೆ ತುಂಬಿ. ಆಮೇಲೆ ಗಾಡಿ ಸ್ಟ್ಯಾಂಡ್ ಮೇಲಿಟ್ಟು ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನ ಕೈಯಲ್ಲಿ ಹಿಂದೆ ಮುಂದೆ ತಳ್ಳಿ. ಚಕ್ರ ದೊಡ್ಡ ಸನ್ನೆಕೋಲು ಇದ್ದಂಗೆ, ಅದೂ ಹದವಾಗಿ. ಕ್ಲಚ್ ಪ್ಲೇಟ್ ಜಾರ್ತಾ ಇದ್ರೆ ಕೈಗೆ ಗೊತ್ತಾಗುತ್ತೆ.

ವಡಾಳಾ_ವೀಕೆಂಡ್
ಅಷ್ಟೆಲ್ಲ ಯಾಕೆ, ಪ್ಲಗ್ ತೂತಿಗೆ ಗ್ರೀಸ್ ಗನ್ ಕಟ್ಟಿ ಪಂಪ್ ಮಾಡಿದ್ರೆ ಪಿಸ್ಟನ್ ತಾನೇ ಕೆಳಗಿಳಿಯುತ್ತೆ. ವಿಡಿಯೋ ಇದೆ.

ಥಾಣೆ_ಲೇತ್
ಅದು ಫೋರ್ ಸ್ಟ್ರೋಕ್ ವಿಡಿಯೋ, ಯೆಜ್ಡಿ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಬ್ಯಾರೆಲ್ (ಸಿಲಿಂಡರ್) ಗೋಡೇಲಿ ಪೋರ್ಟ್‌ಗಳಿವೆ, ಅಂದ್ರೆ ಗ್ಯಾಸ್ ಒಳಗೆ ಹೊರಗೆ ಹೋಗೋ ಕಿಂಡಿಗಳು. ಪಿಸ್ಟನ್ ಒಂದಿಷ್ಟು ಕೆಳಗಿಳಿದ್ರೆ ಸಾಕು, ನಿಮ್ಮ ಅರ್ಧ ಕಿಲೋ ಗ್ರೀಸ್ ಸೈಲೆನ್ಸರಿಗೂ ಕೆಳಗಿನ ಕ್ರ್ಯಾಂಕ್‌ಕೇಸಿಗೂ (ಕ್ರ್ಯಾಂಕ್ ಕೂರೋ ಪೆಟ್ಟಿಗೆ) ಹೋಗಿ ಕೂರುತ್ತೆ. ಒತ್ತಡವೇ ನಿಲ್ಲಲ್ಲ.

ವಡಾಳಾ_ವೀಕೆಂಡ್
ಓಹ್. ಸರಿ.

ಮೈಸೂರ್_ಯಾದವಗಿರಿ
ಎಂಜಿನ್ ಮನೇಲಿ ಬಿಚ್ಚಬೇಡಿ ಕಣ್ರೀ. ಹಾಗೇ ಇಳಿಸಿ ತಿಳಿದವರ ಕೈಗೆ ಕೊಡಿ. ಯೆಜ್ಡಿಯಲ್ಲಿರೋದು ಜಾವಾ ಎಂಜಿನ್, ಅದರ ಕ್ರ್ಯಾಂಕ್ ಒತ್ತಿ ಕೂರಿಸಿರೋದು. ಕನೆಕ್ಟಿಂಗ್ ರಾಡ್ ಬದಲಿಸೋಕೆ ಪ್ರೆಸ್ ಬೇಕು, ವಾಪಸ್ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಅಲೈನ್ ಮಾಡಬೇಕು. ಶಟರ್ ಗ್ಯಾರೇಜಲ್ಲಿ ಆಗೋ ಮಾತಲ್ಲ.

ಪಾನಾ_ಪಕ್ಕಡ್
ಕ್ರ್ಯಾಂಕ್ ಒತ್ತಿಸೋದು ಬೇರೆ, ಎಂಜಿನ್ ಬಿಚ್ಚೋದು ಬೇರೆ. ಎರಡನ್ನೂ ಒಂದೇ ಅಂದ್ಕೊಂಡು ಜನ ಇಡೀ ಎಂಜಿನ್ ಗೋಣಿಚೀಲದಲ್ಲಿ ಕೊಡ್ತಾರೆ, ಆರು ತಿಂಗಳಾದ ಮೇಲೆ ಅರ್ಧ ಸಾಮಾನು ಬೇರೆ ಗಾಡೀದು ವಾಪಸ್ ಬರುತ್ತೆ. ಹೆಡ್, ಬ್ಯಾರೆಲ್, ಪಿಸ್ಟನ್, ಎಡಗಡೆ ಕ್ಲಚ್, ಬಲಗಡೆ ಡೈನಮೋ, ಇಷ್ಟು ಮನೇಲೇ ಆಗುತ್ತೆ. ಬಿಚ್ಚಿ, ಅಳೆದು, ಫೋಟೋ ತೆಗೆದು, ಬ್ಯಾರೆಲ್ ಬೋರಿಂಗ್‌ಗೆ (ಒಳಗೋಡೆ ಕೊರೆಸೋಕೆ), ಕ್ರ್ಯಾಂಕ್ ಪ್ರೆಸ್‌ಗೆ ಅಂತ ತುಂಡು ತುಂಡಾಗಿ ಕೊಡಿ.

ಮೈಸೂರ್_ಯಾದವಗಿರಿ
ಹೇಳೋಕೆ ಸುಲಭ. ಪುಲ್ಲರ್ ಇಲ್ಲದೆ ಆರ್ಮೇಚರ್ ಮೇಲೆ ಸುತ್ತಿಗೆ ಬೀಸಿದ ಎಂಜಿನ್ ಎಷ್ಟಿವೆಯೋ ಲೆಕ್ಕ ಇಲ್ಲ. ಆರ್ಮೇಚರ್, ಅಂದ್ರೆ ಡೈನಮೋದ ತಿರುಗೋ ಭಾಗ, ಕ್ರ್ಯಾಂಕಿನ ಮೊನಚು ತುದಿ ಮೇಲೆ ಕೂತಿರುತ್ತೆ. ನಡುವಿನ ಉದ್ದ ಬೋಲ್ಟ್ ಬಿಚ್ಚಿದ್ರೂ ಬರಲ್ಲ. ಪಕ್ಕದಿಂದ ಹೊಡೆದ್ರೆ ಕ್ರ್ಯಾಂಕ್ ತುದಿ ಬಾಗುತ್ತೆ, ಆಮೇಲೆ ಪಾಯಿಂಟ್ ಗ್ಯಾಪ್ 0.4 ಮಿ.ಮೀ. ಇಟ್ಟರೂ ಪ್ರತಿ ಸುತ್ತಿನಲ್ಲೂ ಒಂದೊಂದು ಥರ.

ಥಾಣೆ_ಲೇತ್
ಇಬ್ಬರೂ ಸರಿ. ಆರ್ಮೇಚರಿಗೆ ಅಂತಲೇ ಎಳೆಯೋ ಬೋಲ್ಟ್ ಬರುತ್ತೆ, ಇಲ್ಲಾಂದ್ರೆ ಯಾವ ಲೇತಿನವನಾದ್ರೂ ಮಾಡಿಕೊಡ್ತಾನೆ. ತೆಗೆಯೋ ಮುಂಚೆ ಬ್ರಶ್‌ಗಳನ್ನ ಮೇಲಕ್ಕೆತ್ತಿ ಸ್ಪ್ರಿಂಗಿಗೆ ಸಿಕ್ಕಿಸಿ, ಹೊರಗಿನ ಕಾಯಿಲ್ ಭಾಗವನ್ನ ಮೊದಲು ತೆಗೀರಿ. ಎಳೆಯೋ ಬೋಲ್ಟ್ ಬಿಗಿ ಮಾಡಿ, ಅದರ ತಲೆಗೆ ನೇರವಾಗಿ ಒಂದೇ ಒಂದು ಚುರುಕು ಏಟು. ‘ಟಕ್’ ಅಂತ ಬಿಟ್ಕೊಳ್ಳುತ್ತೆ.

ಎಡಗಡೆ: ಅಲ್ಲಿ ಪ್ರೈಮರಿ ಚೈನು ಜೋಡು ಲಿಂಕ್ ಇಲ್ಲದ್ದು. ಹಾಗಾಗಿ ಎಂಜಿನ್ ಸ್ಪ್ರಾಕೆಟ್ಟೂ ಕ್ಲಚ್ ಬುಟ್ಟಿಯೂ ಒಟ್ಟಿಗೇ ಹೊರಗೆ ಬರಬೇಕು. ಒಂದನ್ನೇ ಎಳೆಯೋಕೆ ಹೋದ್ರೆ ಚೈನ್ ಬಿಗಿಯಾಗಿ ಶಾಫ್ಟ್ ಮೇಲೆ ಭಾರ ಬೀಳುತ್ತೆ. ಕ್ಲಚ್ ನಟ್ಟಿನ ಲಾಕ್ ವಾಷರ್ ನೇರ ಮಾಡಿ. ಯಾವ ಕಡೆ ತಿರುಗಿಸಬೇಕು ಅಂತ ಅನುಮಾನ ಬಂದ್ರೆ ಶಾಫ್ಟ್ ತುದೀಲಿ ನಟ್ ದಾಟಿ ಕಾಣೋ ಥ್ರೆಡ್ ಯಾವ ಕಡೆ ಓರೆಯಾಗಿದೆ ಅಂತ ಟಾರ್ಚ್ ಹಾಕಿ ನೋಡಿ. ಉಲ್ಟಾ ಥ್ರೆಡ್ಡನ್ನ ಪೈಪ್ ಹಾಕಿ ಬಿಗಿ ಮಾಡಿ ಶಾಫ್ಟ್ ಮುರಿಯೋದು ಈ ಕೆಲಸದ ಕ್ಲಾಸಿಕ್ ತಪ್ಪು.

ಬೆಳಗಾವಿ_ಬುಲೆಟ್
ಬುಲೆಟ್‌ನ್ಯಾಗ ಇದು ಭಾಳ ಆಗತೈತಿ. ಹಳೇ ಎಂಜಿನ್ನಿನ ಬಲಗಡೆ ಟೈಮಿಂಗ್ ಕವರ್ ತಗದ್ರ, ಆಯಿಲ್ ಪಂಪ್ ತಿರುಗಿಸೋ ವರ್ಮ್ ನಟ್ ಇರತೈತಿ. ಅದು ಉಲ್ಟಾ ಥ್ರೆಡ್. ನೇರ ಐತಿ ಅಂತ ಎಳದ್ರ ಕ್ರ್ಯಾಂಕ್ ತುದಿನ ಕೈಗೆ ಬರತೈತಿ.

ವಡಾಳಾ_ವೀಕೆಂಡ್
ನಟ್ ಬಿಚ್ಚೋವಾಗ ಎಂಜಿನ್ ತಿರುಗದ ಹಾಗೆ ಪ್ಲಗ್ ತೂತಿಂದ ಹಗ್ಗ ತುರುಕಬಹುದಲ್ಲ? ಇದಾದರೂ ಸರಿಯಾ?

ಥಾಣೆ_ಲೇತ್
ಸರಿ, ಆದರೆ ಪೋರ್ಟ್ ಜ್ಞಾಪಕ ಇರಲಿ. ಪಿಸ್ಟನ್ ಮೇಲಕ್ಕೆ ಬಂದು ಪೋರ್ಟ್‌ಗಳೆಲ್ಲ ಮುಚ್ಚಿಕೊಂಡ ಮೇಲೆ ಹಗ್ಗ ತುರುಕಬೇಕು. ಮುಂಚೆ ತುರುಕಿದ್ರೆ ಹಗ್ಗ ಪೋರ್ಟಿಗೆ ಜಾರಿ ಪಿಸ್ಟನ್ ಅಂಚಿಗೂ ಬ್ಯಾರೆಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತೆ. ಎಂಜಿನ್ ಫ್ರೇಮಲ್ಲೇ ಇದ್ರೆ ಹಗ್ಗವೇ ಬೇಡ. ಕ್ಲಚ್ ನಟ್ಟಿಗೆ ಟಾಪ್ ಗೇರ್ ಹಾಕಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡೀಲಿ. ಅದಕ್ಕೇ ಹೇಳೋದು, ಕ್ಲಚ್ ಮತ್ತು ಡೈನಮೋ ಕೆಲಸ ಎಂಜಿನ್ ಇಳಿಸೋ *ಮುಂಚೆ* ಮುಗಿಸಿ ಅಂತ.

ಕೋಥ್ರೂಡ್_ಕನ್ನಡಿಗ
ಇದು ಗೊತ್ತಿರಲಿಲ್ಲ. ಹಾಗಾದ್ರೆ ಬ್ಯಾರೆಲ್ಲೂ ಮುಂಚೆಯೇ ತೆಗೆಯೋದಾ?

ಪಾನಾ_ಪಕ್ಕಡ್
ತೆಗೀಬಹುದು, ಎತ್ತೋಕೆ ಎಂಜಿನ್ ಹಗುರ ಆಗುತ್ತೆ. ಹೆಡ್‌ನ ನಾಲ್ಕು ನಟ್ ಮೂಲೆಯಿಂದ ಮೂಲೆಗೆ, ಅರ್ಧ ಅರ್ಧ ಸುತ್ತು. ಬ್ಯಾರೆಲ್ ಎತ್ತೋವಾಗ ಮಾತ್ರ ಒಂದು ನಿಯಮ: ನೇರ ಮೇಲಕ್ಕೆ. ಬಿಗಿ ಇದೆ ಅಂತ ಎಡಕ್ಕೂ ಬಲಕ್ಕೂ ತಿರುಗಿಸಬಾರದು. ಟೂ ಸ್ಟ್ರೋಕ್ ಪಿಸ್ಟನ್ನಲ್ಲಿ ರಿಂಗಿನ ಬಾಯಿ ಸಣ್ಣ ಪಿನ್ನಿಗೆ ಸಿಕ್ಕಿ ಒಂದೇ ಕಡೆ ನಿಂತಿರುತ್ತೆ, ಅದು ಪೋರ್ಟಿನ ಎದುರಿಗೆ ಬರಬಾರದು ಅಂತಲೇ. ನೀವು ಬ್ಯಾರೆಲ್ ತಿರುಗಿಸಿದ್ರೆ ರಿಂಗ್ ತುದಿ ಪೋರ್ಟ್ ಒಳಗೆ ಚಿಮ್ಮುತ್ತೆ, ಎಳೆದಾಗ ಚಟ್ ಅಂತ ಮುರಿಯುತ್ತೆ.

ಬ್ಯಾರೆಲ್ ಎರಡು ಇಂಚು ಮೇಲೆ ಬಂದ ತಕ್ಷಣ ಕ್ರ್ಯಾಂಕ್‌ಕೇಸ್ ಬಾಯಿಗೆ ಚೊಕ್ಕ ಬಟ್ಟೆ ತುರುಕಿ. ಪಿಸ್ಟನ್ ಪಿನ್ನಿನ ಲಾಕ್ ಚಿಮ್ಮಿ ಒಳಗೆ ಬಿದ್ರೆ ಆಮೇಲೆ ಎಂಜಿನ್ ತಲೆಕೆಳಗು ಮಾಡಿ ಅಲ್ಲಾಡಿಸ್ತಾ ಕೂರಬೇಕು. ತೆಗೆದ ಲಾಕ್ ಮತ್ತೆ ಹಾಕಬೇಡಿ, ಹತ್ತು ರೂಪಾಯಿ ಸಾಮಾನಿಗೆ ಬ್ಯಾರೆಲ್ ಗೀರಿಸ್ಕೋಬೇಡಿ.

ಥಾಣೆ_ಲೇತ್
ಬೋರಿಂಗ್‌ಗೆ ಕೊಡೋ ಮುಂಚೆ ಓವರ್‌ಸೈಜ್ ಪಿಸ್ಟನ್ ಕೈಯಲ್ಲಿರಬೇಕು. ಸ್ಟ್ಯಾಂಡರ್ಡ್ ಬೋರ್ 65 ಮಿ.ಮೀ., ಸ್ಟ್ರೋಕ್ 75. ಈಗ ಒಳಗೆ ಇರೋದು ಯಾವ ಸೈಜ್ ಅಂತ ಪಿಸ್ಟನ್ ತಲೆ ಮೇಲಿನ ಕಾರ್ಬನ್ ಕೆರೆದು ಅಂಕಿ ನೋಡಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಹಾಗೆ ಬೋರ್ ಮಾಡ್ತಾರೆ, ಡಬ್ಬಿ ಮೇಲಿನ ಅಂಕಿ ನೋಡಿ ಅಲ್ಲ. ವಾಪಸ್ ಬಂದಾಗ ಪೋರ್ಟ್ ಅಂಚುಗಳ ಮೇಲೆ ಬೆರಳಾಡಿಸಿ. ಬ್ಲೇಡ್ ಥರ ಚೂಪು ಇದ್ರೆ ಅಂಚು ಉಜ್ಜಿ ಮೊಂಡು ಮಾಡಿಲ್ಲ ಅಂತ, ಹಾಗೇ ಹಾಕಿದ್ರೆ ಹೊಸ ರಿಂಗ್ ಹೋಯ್ತು.

ಇನ್ನೊಂದು. ಕ್ರ್ಯಾಂಕ್‌ಕೇಸಿಂದ ಬೇರಿಂಗ್ ಹೊಡೆದು ತೆಗೀಬೇಡಿ, ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿನ ಎರಡು ಪಟ್ಟು ಹಿಗ್ಗುತ್ತೆ. 52 ಮಿ.ಮೀ. ಹೊರ ಅಳತೆಯ ಬೇರಿಂಗಿಗೆ 80 ಡಿಗ್ರಿ ಬಿಸಿ ಏರಿಸಿದ್ರೆ ಸುಮಾರು 0.045 ಮಿ.ಮೀ. ಜಾಗ ಬಿಡುತ್ತೆ, ಕೂರೋಕೆ ಕೊಟ್ಟಿರೋ ಬಿಗಿಗಿಂತ ಸಾಮಾನ್ಯವಾಗಿ ಜಾಸ್ತಿ. ಕೇಸ್ ಮೇಲೆ ನೀರಿನ ಹನಿ ಬಿಟ್ಟು ನೋಡಿ, ಚುಂಯ್ ಅಂತ ಹಾರಿದ್ರೆ ಸಾಕು. ಹಲಗೆ ಮೇಲೆ ತಟ್ಟಿ, ಬೇರಿಂಗ್ ತಾನೇ ಉದುರುತ್ತೆ.

ಸೊಲ್ಲಾಪುರದಾಕಿ
ಅಡಿಗಿ ಮನಿ ಓವನ್‌ನ್ಯಾಗ ಇಡಬ್ಯಾಡ್ರಿ ಮತ್ತ. ಕೇಸ್ ಎಷ್ಟ ತೊಳದ್ರೂ ಎಣ್ಣಿ ವಾಸನಿ ಹೋಗೂದಿಲ್ಲ. ಹಳೇ ತವಾ ಒಂದ ಇಟ್ಕೋರಿ, ಇಲ್ಲಾ ಹೀಟ್ ಗನ್ ತಗೋರಿ.

ಸಾಮಾನ ಇಡೂದರ ಬಗ್ಗೆ ಯಾರೂ ಹೇಳವಲ್ರಿ. 10 × 8 ಗ್ಯಾರೇಜ್‌ನ್ಯಾಗ ಬಿಚ್ಚಿದ ಗಾಡಿ ನಿಂತ ಗಾಡಿಗಿಂತ ಮೂರು ಪಟ್ಟು ಜಾಗ ತಿಂತೈತಿ. ಗ್ವಾಡಿಗೆ ರ್‍ಯಾಕ್ ಮೊದಲ ಹಾಕ್ಸ್ರಿ. ನಟ್ ಬೋಲ್ಟ್ ಜಿಪ್ ಚೀಲದಾಗ, ಒಳಗ ಪೆನ್ಸಿಲ್‌ಲೆ ಬರದ ಚೀಟಿ. ಚೀಲದ ಮ್ಯಾಲೆ ಮಾರ್ಕರ್‌ಲೆ ಬರದ್ರ ಎಣ್ಣಿ ಕೈ ತಾಗಿ ಅಳಿಸಿ ಹೊಕ್ಕೈತಿ. ಬೋಲ್ಟ್ ಎಲ್ಲಿಂದ ಬಂತೋ ಆ ಭಾಗಕ್ಕೇ ಸಾಧ್ಯ ಆದ್ರ ವಾಪಸ್ ತಿರುವಿ ಇಟ್ಟುಬಿಡ್ರಿ, ಅದಕ್ಕಿಂತ ಚಲೋ ಲೇಬಲ್ ಇಲ್ಲ. ಎಂಜಿನ್ ಕವರ್ ಸ್ಕ್ರೂ ಒಂದೊಂದು ಒಂದೊಂದು ಉದ್ದ. ರಟ್ಟಿನ ಮ್ಯಾಲೆ ಕವರಿನ ಚಿತ್ರ ಬರದು, ತೂತು ಮಾಡಿ, ಅಲ್ಲೇ ಚುಚ್ಚಿ ಇಡ್ರಿ. ಉದ್ದನ್ನ ಸ್ಕ್ರೂ ಗಿಡ್ಡ ತೂತಿಗೆ ಹೋದ್ರ ಕೇಸ್ ಒಡೀತೈತಿ.

ಕೋಥ್ರೂಡ್_ಕನ್ನಡಿಗ
ರಟ್ಟಿನ ಉಪಾಯ ಚೆನ್ನಾಗಿದೆ ಅಕ್ಕಾ. ಫೋಟೋ ಎಷ್ಟು ತೆಗೀಬೇಕು?

ಸೊಲ್ಲಾಪುರದಾಕಿ
ಸಾಕು ಅನಿಸಿದ್ದಕ್ಕಿಂತ ಇಮ್ಮಡಿ. ಹೆಡ್‌ಲೈಟ್ ಡೋಮ್ ಒಳಗಿನ ವೈರಿಂಗ್, ಕೇಬಲ್ ಯಾವ ಕಡಿಂದ ಹಾಯ್ದು ಬರ್ತಾವು, ವಾಷರ್ ಒಳಗೋ ಹೊರಗೋ. ವೈರಿನ ಬಣ್ಣ 50 ವರ್ಷಕ್ಕ ಎಲ್ಲಾ ಒಂದ ಮಣ್ಣಿನ ಬಣ್ಣ ಆಗಿರತಾವು, ಫೋಟೋ ಸಾಲೂದಿಲ್ಲ. ಎರಡೂ ತುದಿಗೆ ಒಂದ ನಂಬರಿನ ಟೇಪ್ ಸುತ್ರಿ.

ಪಾನಾ_ಪಕ್ಕಡ್
ಸ್ಟೀರಿಂಗ್ ಬಿಚ್ಚೋವಾಗ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ. ಕೋನ್‌ಸೆಟ್ ಗುಂಡುಗಳು ಬಿಡಿಬಿಡಿ ಇರುತ್ತವೆ, ಫೋರ್ಕ್ ಒಂದು ಸೆಂಟಿಮೀಟರ್ ಇಳಿದ್ರೆ ಸಾಕು, ಉದುರಿ ಚರಂಡಿ ಜಾಲರಿ ಹುಡುಕ್ಕೊಂಡು ಹೋಗ್ತವೆ. ಮೇಲಿನವು ಕೆಳಗಿನವು ಬೇರೆ ಬೇರೆ ಎಣಿಸಿಡಿ.

ಹಿಂದಿನ ಚಕ್ರ ಈ ಗಾಡೀಲಿ ಸುಖ. ಆಕ್ಸಲ್ ಎಳೆದ್ರೆ ಚಕ್ರ ಮಾತ್ರ ಬರುತ್ತೆ, ಸ್ಪ್ರಾಕೆಟ್ಟು ಚೈನು ಮುಚ್ಚಿದ ಚೈನ್‌ಕೇಸಲ್ಲೇ ಉಳಿಯುತ್ತೆ. ನಡುವಿನ ರಬ್ಬರ್ ತುಂಡುಗಳು ಗಟ್ಟಿಯಾಗಿರ್ತವೆ, ಹೊಸದು ತಗೊಳ್ಳಿ. ಆದರೆ ಹೊಸದು ಕೂತ ಮೇಲಷ್ಟೇ ಹಳೇದು ಎಸೀರಿ. ಇದು ಗಾಡಿಯ ಪ್ರತಿ ತುಂಡಿಗೂ ಅನ್ವಯ.

ವಾಸ್ಕೋ_ಉಪ್ಪುಗಾಳಿ
ಬ್ರೇಕ್ ಡ್ರಮ್ ತೆರೆದಾಗ ಏರ್ ಹಾಕಿ ಊದಬೇಡಿ. ಆ ಕಾಲದ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಚೀಲದಲ್ಲಿ ಕಟ್ಟಿ ಎಸೀರಿ.

ಟ್ಯಾಂಕಿಗೆ: ಒಳಗೆ ಕಲ್ಲು, ಬೋಲ್ಟ್ ಹಾಕಿ ಕುಲುಕೋದು ಬೇಡ. ನೀರಲ್ಲಿ ವಾಷಿಂಗ್ ಸೋಡಾ, 4 ಲೀಟರಿಗೆ ಒಂದು ದೊಡ್ಡ ಚಮಚ. ಬ್ಯಾಟರಿ ಚಾರ್ಜರಿನ ನೆಗೆಟಿವ್ ಟ್ಯಾಂಕಿಗೆ, ಪಾಸಿಟಿವ್ ಒಳಗೆ ಇಳಿಬಿಟ್ಟ ಕಬ್ಬಿಣದ ಸರಳಿಗೆ. ಸರಳು ಟ್ಯಾಂಕಿಗೆ ಎಲ್ಲೂ ತಾಗಬಾರದು. ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತೆ. ಹೈಡ್ರೋಜನ್ ಬರುತ್ತೆ, ಆದ್ದರಿಂದ ಶಟರ್ ಎಳೆದು ಮಾಡೋ ಕೆಲಸವಲ್ಲ. ಅದಕ್ಕೂ ಮುಂಚೆ ಪೆಟ್ರೋಲ್ ವಾಸನೆ ಪೂರ್ತಿ ಹೋಗೋ ತನಕ ಸೋಪ್ ನೀರಲ್ಲಿ ತೊಳೆದಿರಬೇಕು. ಒಂದು ದಿನ ಬಿಟ್ಟು ತೊಳೆದು ಕೂಡಲೇ ಒಣಗಿಸಿ 2ಟಿ (ಟೂ ಸ್ಟ್ರೋಕ್) ಎಣ್ಣೆ ಆಡಿಸಿ. ಗೋವಾದಲ್ಲಂತೂ ಊಟ ಮುಗಿಸಿ ಬರೋದರೊಳಗೆ ಮತ್ತೆ ಕೆಂಪಗಾಗಿರುತ್ತೆ.

ಮಾಟುಂಗ_ಮಾಣಿ
ಫ್ರೇಮ್ ಪೌಡರ್ ಕೋಟಿಂಗ್ ಮಾಡಿಸಿ, ಹತ್ತು ವರ್ಷ ನೋಡುವುದು ಬೇಡ.

ವಾಸ್ಕೋ_ಉಪ್ಪುಗಾಳಿ
ಬೇಡ. ಒಂದು ಕಡೆ ಕಲ್ಲು ತಾಗಿ ಬಿರುಕು ಬಿಟ್ರೆ ಉಪ್ಪು ನೀರು ಒಳಗೆ ಹರಿದು, ಮೇಲೆ ಹೊಳೆಯೋ ಪದರ ಕೆಳಗೆ ತುಕ್ಕು. ಎಪಾಕ್ಸಿ ಪ್ರೈಮರ್ ಮೇಲೆ ಪಿಯು (ಪಾಲಿಯುರೆಥೇನ್) ಪೇಂಟ್ ಆದ್ರೆ ಅಲ್ಲಲ್ಲೇ ತಿದ್ದಬಹುದು.

ಮಾಟುಂಗ_ಮಾಣಿ
ಬ್ಲಾಸ್ಟಿಂಗ್ ಸರಿಯಾಗಿ ಮಾಡದಿದ್ರೆ ಎರಡೂ ಬಿಟ್ಟುಕೊಳ್ತದೆ ಮಾರಾಯ್ರೆ. ತಪ್ಪು ಪೌಡರಿನದ್ದಲ್ಲ.

ಥಾಣೆ_ಲೇತ್
ಜಗಳ ಆಮೇಲೆ ಆಡಿ. ಯಾವುದೇ ಮಾಡಿಸಿದ್ರೂ ಚಾಸಿಸ್ ನಂಬರ್ ಮೇಲೆ ಬಿಸಿ ತಡೆಯೋ ಟೇಪ್ ಹಾಕಿಸಿ. ಪೌಡರ್ ಪದರ ದಪ್ಪ, ನಂಬರ್ ತುಂಬಿಹೋದ್ರೆ ಆರ್‌ಟಿಓದಲ್ಲಿ ಪೆನ್ಸಿಲ್ ಟ್ರೇಸಿಂಗ್ ಬರಲ್ಲ. ಬೇರಿಂಗ್ ಕಪ್ ಕೂರೋ ಜಾಗಕ್ಕೂ ಥ್ರೆಡ್ಡಿಗೂ ಮುಚ್ಚಳ. ಮರಳು ಬ್ಲಾಸ್ಟಿಂಗ್ ಫ್ರೇಮಿಗೆ ಮಾತ್ರ. ಟ್ಯಾಂಕ್, ಮಡ್‌ಗಾರ್ಡ್ ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತೆ, ಅದಕ್ಕೆ ಪೇಂಟ್ ರಿಮೂವರ್. ಎಂಜಿನ್ ಕೇಸಿಗಂತೂ ಮರಳು ತೋರಿಸಲೇಬೇಡಿ, ಒಂದು ಕಣ ಉಳಿದ್ರೂ ಬೇರಿಂಗ್ ಅರೆದುಹಾಕುತ್ತೆ.

ಮೈಸೂರ್_ಯಾದವಗಿರಿ
ಆರ್‌ಸಿ ನೋಡಿದ್ರಾ? ನವೀಕರಣಕ್ಕೆ ಫಾರಂ 25 ಹಾಕಿ ಗಾಡಿ ತೋರಿಸಬೇಕು, ತುಂಡು ತುಂಡಾದ ಗಾಡಿ ತೋರಿಸೋಕಾಗಲ್ಲ. ಮಾಲೀಕರ ಹೆಸರು, ಎಂಜಿನ್ ನಂಬರ್, ಚಾಸಿಸ್ ನಂಬರ್ ಮೂರೂ ತಾಳೆ ಆಗದಿದ್ರೆ ಒಂದು ನಟ್ಟೂ ಬಿಚ್ಚಬೇಡಿ. ಬಣ್ಣ ಬದಲಿಸಿದ್ರೆ ಅದೂ ಆರ್‌ಸಿಯಲ್ಲಿ ಏರಬೇಕು.

ಡೊಂಬಿವಲಿ_ಲೋಕಲ್
50 ವರ್ಷ ದಾಟಿತಲ್ಲ, ವಿಂಟೇಜ್ ನಂಬರ್ ಪ್ಲೇಟ್ ಹಾಕಿಸಿ ಮೆರೀಬಹುದು.

ಮೈಸೂರ್_ಯಾದವಗಿರಿ
ಮೆರೆಯೋಕೆ ಮಾತ್ರ ಆಗುತ್ತೆ. 2021ರ ನಿಯಮದಲ್ಲಿ ‘ವಿಎ’ ಸರಣಿ ನಂಬರಿಗೆ 20,000 ರೂಪಾಯಿ, 10 ವರ್ಷಕ್ಕೆ. ಹಳೇ ನಂಬರ್ ಇದ್ರೆ ಉಳಿಸ್ಕೋಬಹುದು. ಆದರೆ ದಿನಾ ಆಫೀಸಿಗೆ ಓಡಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ, ಅಷ್ಟೇ. ಮೂಲ ರೂಪದಲ್ಲೂ ಇರಬೇಕು. ಭಾನುವಾರ ಸಿಂಹಗಡಕ್ಕೆ ಹೋಗಬೇಕು ಅನ್ನೋರಿಗೆ ಮಾಮೂಲಿ 5 ವರ್ಷದ ನವೀಕರಣವೇ ಸರಿ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟಿನಿಂದ ಶುಲ್ಕ 2,000, ಹಸಿರು ತೆರಿಗೆ ಬೇರೆ.

ಬೆಳಗಾವಿ_ಬುಲೆಟ್
ಯಾದವಗಿರಿಯವರು ಮೈಸೂರಿನ ಜಾವಾ-ಯೆಜ್ಡಿ ಫ್ಯಾಕ್ಟರಿ ಪಕ್ಕದೋರು, ಅವರ ಮಾತು ಕೇಳ್ರಿ. 1996ರಾಗ ಬಾಗಿಲ ಹಾಕಿದ್ರೂ ಅಭಿಮಾನ ಹಾಕಿಲ್ಲ.

ಡೊಂಬಿವಲಿ_ಲೋಕಲ್
ಜಾವಾ ಅಂದ್ರೆ ಇಂಡೋನೇಷ್ಯಾದ ಜಾವಾನಾ?

ಮೈಸೂರ್_ಯಾದವಗಿರಿ
ಅಲ್ಲ ಗುರು. ಚೆಕ್ ದೇಶದ ಯಾನೆಚೆಕ್ (Janeček) ಅನ್ನೋರ ಹೆಸರಿನ ‘ಜಾ’, ವಾಂಡರರ್ ಕಂಪನಿಯ ‘ವಾ’. ಮೈಸೂರಿಗೆ ಬಂದಿದ್ದು 1960ರ ಹೊತ್ತಿಗೆ. ಈಗ ಆಯಿಲ್ ಸೀಲ್ ವಿಷಯಕ್ಕೆ ಬರೋಣ. ಕ್ರ್ಯಾಂಕಿನ ಎರಡೂ ಸೀಲ್ ಕಣ್ಣು ಮುಚ್ಚಿ ಬದಲಿಸಿ. ಎಡಗಡೆದು ಸೋರಿದ್ರೆ ಗೇರ್ ಆಯಿಲ್ ಎಳ್ಕೊಂಡು ಬಿಳಿ ಹೊಗೆ. ಬಲಗಡೆದು ಸೋರಿದ್ರೆ ಗಾಳಿ ಎಳ್ಕೊಂಡು ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತೆ. ಜನ ಮಾತ್ರ ಕಾರ್ಬುರೇಟರ್ ತಿರುಗಿಸ್ತಾ ಇರ್ತಾರೆ.

ಕೋಥ್ರೂಡ್_ಕನ್ನಡಿಗ
ಆರ್‌ಸಿ ತಾಳೆ ನೋಡಿದೆ, ಮೂರೂ ಸರಿ ಇದೆ. ಬಿಗಿ ನಟ್‌ಗಳಿಗೆ ಎಣ್ಣೆ ಬಿದ್ದಿದೆ. ಪ್ಲಗ್ ತೂತಿಂದ ಡೀಸೆಲ್ ಎಟಿಎಫ್ 50 ಎಂಎಲ್ ಹಾಕಿದ್ದು ರಾತ್ರಿ ಕಳೆಯೋದರೊಳಗೆ ಪೂರ್ತಿ ಖಾಲಿ. ರಿಂಗ್ ಬಿಟ್ಕೊಳ್ತಾ ಇದೆ ಅಂತ ತಾನೇ?

ಥಾಣೆ_ಲೇತ್
ಒಂದೇ ರಾತ್ರೀಲಿ ರಿಂಗ್ ದಾಟಿ ಹೋಗಲ್ಲ. ಪಿಸ್ಟನ್ ಕೆಳಗಡೆ ಜಾಮ್ ಆಗಿ ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗೋ ಕಿಂಡಿ) ತೆರೆದಿರಬೇಕು. ಸೈಲೆನ್ಸರ್ ಕೆಳಗೆ ನೋಡಿ.

ಕೋಥ್ರೂಡ್_ಕನ್ನಡಿಗ
ಎಡಗಡೆದರ ಕೆಳಗೆ ಕೆಂಪು ಕಲೆ ಇದೆ, ಅಂಗೈ ಅಗಲ.

ಥಾಣೆ_ಲೇತ್
ಹಾಗಾದ್ರೆ ಅದೇ. ಬೆಂಡ್ ಪೈಪ್ ಎರಡೂ ಬಿಚ್ಚಿ ಪೋರ್ಟ್ ಒಳಗೆ ಟಾರ್ಚ್ ಹಾಕಿ, ಪಿಸ್ಟನ್ ತಲೆ ಎಲ್ಲಿದೆ ಕಾಣುತ್ತೆ. ಹೆಡ್ ತೆಗೆದು, ಎಣ್ಣೆ ನೆನೆಸಿದ ಬಟ್ಟೆಯನ್ನ ಬ್ಯಾರೆಲ್ ಗೋಡೆ ಸುತ್ತ ಒತ್ತಿ ಎರಡು ದಿನ ಬಿಡಿ. ಟ್ರಾನ್ಸ್‌ಫರ್ ಪೋರ್ಟಿಂದ ಒಂದಿಷ್ಟು ಕ್ರ್ಯಾಂಕ್‌ಕೇಸಿಗೂ ಇಳಿದಿರುತ್ತೆ, ಪರವಾಗಿಲ್ಲ, ಕ್ರ್ಯಾಂಕ್ ಬೇರಿಂಗಿಗೂ ಅದೇ ಔಷಧ.

ಡೊಂಬಿವಲಿ_ಲೋಕಲ್
ಸೆಕ್ರೆಟರಿ ನೋಡೋದರೊಳಗೆ ಆ ಕಲೆ ಮೇಲೆ ಮರದ ಪುಡಿ ಹಾಕಿ.